ಕಣ್ಣಾರೆ ಕಂಡದ್ದನ್ನೇ ನಕ್ಷೆಗೆ ಹಾಕಿ

ಪ್ರಶ್ನೆ: ನಾನು ದಿನಾ ಓಡಾಡುವ ಕಾಲುದಾರಿ, ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆಯಲ್ಲಿ ಇಲ್ಲ. ಯಾರು ಬೇಕಾದರೂ ಸೇರಿಸಬಹುದು ಅಂತಾರೆ. ಕೈತಪ್ಪಿ ಏನಾದರೂ ಕೆಡಿಸಿಬಿಟ್ಟರೆ ಅಂತ ಭಯ. ಗೂಗಲ್ ಮ್ಯಾಪ್ ನೋಡಿಕೊಂಡು ಹಾಕಿದರೆ ನಡೆಯುತ್ತಾ?

ಉತ್ತರ: ನಡೆಯಲ್ಲ. ಆ ನಕ್ಷೆಯ ಹಕ್ಕು ಬೇರೆಯವರದು. 2004ರಲ್ಲಿ ಸ್ಟೀವ್ ಕೋಸ್ಟ್ ಬ್ರಿಟನ್ನಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಶುರು ಮಾಡಿದಾಗ, ಅಲ್ಲಿನ ಸರ್ಕಾರಿ ನಕ್ಷೆಯ ಮಾಹಿತಿಯನ್ನು ಜನ ಮುಕ್ತವಾಗಿ ಬಳಸುವ ಹಾಗಿರಲಿಲ್ಲ. ಎಲ್ಲರಿಗೂ ಸೇರಿದ ನಕ್ಷೆ ಬೇಕು ಅಂತಲೇ ಇದು ಹುಟ್ಟಿದ್ದು. ಅದಕ್ಕೆ ಬೇರೆ ನಕ್ಷೆಯಿಂದ ಒಂದು ಹೆಸರನ್ನೂ ನಕಲು ಮಾಡಬೇಡಿ.

ಮಾಡುವ ಅಗತ್ಯವೂ ಇಲ್ಲ. ದಿನಾ ಆ ದಾರಿಯಲ್ಲಿ ನಡೆಯುತ್ತೀರಿ ಅಲ್ವಾ? ನನ್ನ ಪ್ರಕಾರ ಅದಕ್ಕಿಂತ ಗಟ್ಟಿ ಆಧಾರ ಇನ್ನೊಂದಿಲ್ಲ. ಖಾತೆ ತೆರೆದು ಎಡಿಟ್ ಒತ್ತಿದರೆ ಬ್ರೌಸರ್‌ನಲ್ಲೇ ಐಡಿ ಎಂಬ ಎಡಿಟರ್ ಬರುತ್ತದೆ. ಅದರ ಹಿನ್ನೆಲೆಯಲ್ಲಿ ಕಾಣುವ ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆಯಲು ಒಪ್ಪಿಗೆ ಇದೆ.

ಎಳೆಯುವ ಮೊದಲು ಒಂದು ಕೆಲಸ ಮಾಡಿ. ಉಪಗ್ರಹ ಚಿತ್ರ ಕೆಲವು ಕಡೆ ನಾಲ್ಕಾರು ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಜನ ಓಡಾಡಿದ ದಾರಿಯನ್ನು ಜಿಪಿಎಸ್‌ನಲ್ಲಿ ದಾಖಲಿಸಿ ಹಾಕಿದ ಗೆರೆಗಳನ್ನು, ಅಂದರೆ ಜಿಪಿಎಸ್ ಜಾಡುಗಳನ್ನು, ಎಡಿಟರ್‌ನಲ್ಲಿ ಆನ್ ಮಾಡಿ ನೋಡಿ. ಹಲವು ಜಾಡುಗಳು ಒಟ್ಟಾಗಿ ಚಿತ್ರದ ರಸ್ತೆಯ ಪಕ್ಕದಲ್ಲೇ ಸಾಗಿದ್ದರೆ, ಸರಿಸಬೇಕಾದ್ದು ಚಿತ್ರವನ್ನು, ರಸ್ತೆಯನ್ನಲ್ಲ. ಕಟ್ಟಡ ಬಿಡಿಸುವಾಗಲೂ ಅಷ್ಟೇ. ಓರೆಯಾಗಿ ತೆಗೆದ ಚಿತ್ರದಲ್ಲಿ ಚಾವಣಿ ಒಂದು ಕಡೆ ವಾಲಿರುತ್ತದೆ. ಚಾವಣಿಯ ಅಂಚು ಹಿಡಿದು ಬಿಡಿಸಿ, ಆಮೇಲೆ ಆಕಾರವನ್ನು ಗೋಡೆಯ ಬುಡಕ್ಕೆ ಎಳೆದು ತನ್ನಿ.

ಇನ್ನೊಂದು ಮುಖ್ಯ ವಿಷಯ. ಕಾಲುದಾರಿಯ ತುದಿ ರಸ್ತೆಗೆ ತಾಗಿದ ಹಾಗೆ ಕಂಡರೆ ಸಾಲದು. ಎರಡೂ ಗೆರೆಗಳಿಗೆ ಒಂದೇ ಬಿಂದು ಇರಬೇಕು. ಇಲ್ಲದಿದ್ದರೆ ನೋಡುವವರಿಗೆ ಕೂಡಿದಂತೆ ಕಂಡರೂ, ದಾರಿ ಹುಡುಕುವ ಆ್ಯಪ್‌ಗೆ ಅಲ್ಲಿ ದಾರಿಯೇ ಇಲ್ಲ. ಹೊಸಬರು ಎಳೆದ ಗೆರೆಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು.

ಮೇಲಿನಿಂದ ಕಾಣದ್ದೂ ಇರುತ್ತದೆ. ಮೆಟ್ಟಿಲು, ಬೀಗ ಹಾಕಿದ ಗೇಟು, ರಾತ್ರಿ ದೀಪ ಇದೆಯೋ ಇಲ್ಲವೋ ಎಂಬುದು. ಗಾಲಿಕುರ್ಚಿಯಲ್ಲಿ ಬರುವವರಿಗೆ ಮೂರೇ ಮೆಟ್ಟಿಲಿದ್ದರೂ ಆ ದಾರಿ ಮುಚ್ಚಿದಂತೆ. ಇಂಥದ್ದನ್ನು ದಯವಿಟ್ಟು ಬಿಡಬೇಡಿ. ಕಂಪ್ಯೂಟರ್ ಬೇಡ ಅನಿಸಿದರೆ ಆಂಡ್ರಾಯ್ಡ್ ಫೋನಿನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ಹಾಕಿಕೊಳ್ಳಿ. ಈ ದಾರಿ ಮಣ್ಣಿನದೋ ಡಾಂಬರಿನದೋ, ಮೆಟ್ಟಿಲಿಗೆ ಕೈಹಿಡಿ ಇದೆಯಾ ಅಂತ ಅದೇ ಕೇಳುತ್ತದೆ. ನಿಂತ ಜಾಗದಲ್ಲೇ ಉತ್ತರ ಕೊಟ್ಟರಾಯಿತು.

ಕೆಡುತ್ತದೆ ಅನ್ನುವ ಭಯ ಬೇಡ. ಸೇವ್ ಮಾಡುವ ತನಕ ಏನೂ ಬದಲಾಗಲ್ಲ. ಮಾಡಿದ ಮೇಲೂ ಹಳೆಯ ಆವೃತ್ತಿ ಉಳಿದಿರುತ್ತದೆ, ವಾಪಸ್ ತರಬಹುದು.

ಪ್ರಶ್ನೆ: ಒಂದು ಹೊಸ ರಸ್ತೆ ಹಾಕಿದ್ದೆ. ಯಾರೋ ಅಳಿಸಿಬಿಟ್ಟಿದ್ದಾರೆ. ಬೇಜಾರಾಗಿದೆ. ಮತ್ತೆ ಹಾಕಲಾ?

ಉತ್ತರ: ಬೇಜಾರಾಗೋದು ಸಹಜ. ಆದರೆ ಹಟಕ್ಕೆ ಬಿದ್ದು ಮತ್ತೆ ಹಾಕಬೇಡಿ. ಆ ಜಾಗದ ಎಡಿಟ್ ಇತಿಹಾಸ ತೆರೆದರೆ ಅಳಿಸಿದವರು ಬರೆದ ಕಾರಣ ಸಿಗಬಹುದು. ಕಾರಣ ಬರೆದಿಲ್ಲ ಅಂದರೆ ಅವರ ಎಡಿಟ್‌ನ ಕೆಳಗೇ ನೇರವಾಗಿ ಕೇಳಿ: 'ನಾನು ಈ ರಸ್ತೆಯಲ್ಲಿ ಹೋಗಿ ಬಂದಿದ್ದೇನೆ, ಯಾಕೆ ತೆಗೆದಿರಿ?' ಹಳೆಯ ಉಪಗ್ರಹ ಚಿತ್ರದಲ್ಲಿ ಹೊಸ ರಸ್ತೆ ಇರುವುದಿಲ್ಲ. ಅದನ್ನು ನೋಡಿಯೇ ಅವರು ತೆಗೆದಿರಬಹುದು. ಅಲ್ಲಿ ಹೋಗಿ ಬಂದವರ ಮಾತಿಗೇ ಬೆಲೆ ಜಾಸ್ತಿ. ಆದರೆ ಕೆಲಸವೇ ಶುರುವಾಗದ ರಸ್ತೆಯನ್ನು, ಮುಂದೆ ಬರುತ್ತದೆ ಅನ್ನುವ ಸುದ್ದಿ ನಂಬಿ ಹಾಕಿದ್ದರೆ, ಅವರು ಅಳಿಸಿದ್ದೇ ಸರಿ. ಮುಂದಿನ ಸಲ ಸೇವ್ ಮಾಡುವಾಗ 'ಖುದ್ದಾಗಿ ನೋಡಿ ಹಾಕಿದ್ದು' ಅಂತ ಒಂದು ಸಾಲು ಬರೆಯಿರಿ.