ರಾತ್ರಿ ಓದಿದ್ದು ಬೆಳಿಗ್ಗೆ ತರಗತಿಯಲ್ಲಿ

ಹೊಸನಗರ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ ಬರೆದಿದ್ದಾರೆ: "ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದವಳು ನಾನು. ಶಿಕ್ಷಣಶಾಸ್ತ್ರದಲ್ಲಿ ಎಂ.ಎ. ಮಾಡುವ ಆಸೆ ಇದೆ. ಆದರೆ ಮನೆ, ಮಗು, ಶಾಲೆ ಬಿಟ್ಟು ಎರಡು ವರ್ಷ ಎಲ್ಲೂ ಹೋಗುವಂತಿಲ್ಲ. ಆನ್‌ಲೈನ್‌ನಲ್ಲಿ ಮಾಡೋಣ ಅಂದರೆ, ಕಾಲೇಜಿನಲ್ಲಿ ಪಾಠ ಮಾಡುವ ನಮ್ಮ ದೊಡ್ಡಪ್ಪನ ಮಗ 'ಅದು ದುಡ್ಡು ಕಟ್ಟಿ ತರುವ ಕಾಗದ' ಅನ್ನುತ್ತಾನೆ. ನನ್ನದು ಹದಿನಾರೇ ಮಕ್ಕಳ ಶಾಲೆ. ಇಲ್ಲಿ ಇಷ್ಟೆಲ್ಲ ಓದಿ ಏನು ಮಾಡುವುದು ಅಂತಲೂ ಅನಿಸುತ್ತದೆ. ನೀವೇನು ಹೇಳುತ್ತೀರಿ?"

ಅಕ್ಕೋರೇ, ಸೇರಿಕೊಳ್ಳಿ. ಮುಂದಿನ ವರ್ಷ ನೋಡೋಣ ಅನ್ನಬೇಡಿ, ಈ ಸಲವೇ ಸೇರಿ.

ನಿಮ್ಮ ಅಣ್ಣನ ಮಾತಿನಲ್ಲಿ ಸ್ವಲ್ಪ ನಿಜವಿದೆ. ಕುವೆಂಪು ವಿಶ್ವವಿದ್ಯಾನಿಲಯ ಇರುವ ಶಂಕರಘಟ್ಟದಂಥ ಕಡೆ ಎರಡು ವರ್ಷ ಇದ್ದು ಓದುವ ಸುಖವೇ ಬೇರೆ. ಕೈಗೆಟುಕುವಷ್ಟು ಹತ್ತಿರ ಗ್ರಂಥಾಲಯ, ಹಾಸ್ಟೆಲ್ಲಿನ ರಾತ್ರಿ ಚರ್ಚೆ, ಅನುಮಾನ ಬಂದ ಕೂಡಲೇ ಹೋಗಿ ಕೇಳಬಹುದಾದ ಮೇಷ್ಟ್ರು. ಮನೆಯ ಹೊಣೆ ಇಲ್ಲದ ಹುಡುಗ ಹುಡುಗಿಯರು ಕೇಳಿದರೆ ನಾನೂ ಅಲ್ಲಿಗೇ ಹೋಗಿ ಅನ್ನುತ್ತೇನೆ.

ಆದರೆ ನಿಮ್ಮ ವಿಷಯ ಬೇರೆ. ಶಿಕ್ಷಕರ ಓದು ಎದುರಾಎದುರೇ ಆಗಬೇಕು ಅನ್ನುವವರು ಸಾಮಾನ್ಯವಾಗಿ ನ್ಯಾಯಮೂರ್ತಿ ವರ್ಮಾ ಆಯೋಗದ ಹೆಸರು ಹೇಳುತ್ತಾರೆ. ಸುಪ್ರೀಂ ಕೋರ್ಟಿನ ಸೂಚನೆಯಂತೆ ಆದ ಆಯೋಗ ಅದು, 2012ರಲ್ಲಿ ವರದಿ ಕೊಟ್ಟಿತು. ಶಿಕ್ಷಕರಾಗಲು ಬೇಕಾದ ಮೊದಲ ಪದವಿ ತರಗತಿಯಲ್ಲಿ ಕೂತೇ ಆಗಬೇಕು ಅಂತ ಅದು ಹೇಳಿದ್ದು ಹೌದು. ಈಗಾಗಲೇ ಪಾಠ ಮಾಡುತ್ತಿರುವವರ ಮುಂದಿನ ಕಲಿಕೆಗೆ ದೂರಶಿಕ್ಷಣವನ್ನು ಬಳಸಿಕೊಳ್ಳಿ ಅಂತಲೂ ಅದೇ ವರದಿ ಹೇಳುತ್ತದೆ. ಈ ಎರಡನೇ ಮಾತನ್ನು ಯಾರೂ ಎತ್ತುವುದಿಲ್ಲ. ನಿಮ್ಮ ಮೊದಲ ಪದವಿ ಆಗಿದೆ. ಮಕ್ಕಳ ಮುಂದೆ ದಿನಾ ನಿಲ್ಲುತ್ತಿದ್ದೀರಿ. ದೂರದ ಓದು ಹೊಂದುವುದಾದರೆ ಅದು ನಿಮ್ಮಂಥವರಿಗೇ ಅಲ್ವಾ?

ನನ್ನ ಸೋದರಮಾವ ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದರು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣ ಶುರು ಮಾಡಿತಲ್ಲ, ಅದರಲ್ಲಿ ಓದಿ ಎಂ.ಎ. ಮಾಡಿದವರು. ಪಾಠದ ಕಟ್ಟು ಅಂಚೆಯಲ್ಲಿ ಬರುತ್ತಿತ್ತು. ಮಳೆಗಾಲದಲ್ಲಿ ತಡವಾಗಿ, ಒದ್ದೆಯಾಗಿ ಬರುತ್ತಿತ್ತು. ಒಲೆಯ ಹತ್ತಿರ ಒಣಗಿಸಿ, ಹಾಳೆ ಬಿಡಿಸಿ ಓದುತ್ತಿದ್ದರು. ಬೇಸಿಗೆ ರಜೆ ಬಂತೆಂದರೆ ಮೈಸೂರಿಗೆ ಹೋಗಿ ಸಂಪರ್ಕ ತರಗತಿಯಲ್ಲಿ ಕೂರುತ್ತಿದ್ದರು. ಅವರಿಗೂ ಊರಲ್ಲಿ 'ಪೋಸ್ಟಿನ ಎಂ.ಎ.' ಅಂದವರಿದ್ದರು. ಆದರೆ ಅವರು ಮಾಡಿದ ಪಾಠದ ಬಗ್ಗೆ ಹಳೆ ವಿದ್ಯಾರ್ಥಿಗಳು ಇವತ್ತಿಗೂ ನನ್ನ ಹತ್ತಿರ ಮಾತಾಡುತ್ತಾರೆ. ಡಿಗ್ರಿ ಎಲ್ಲಿಂದ ಬಂತು ಅಂತ ಅವರಲ್ಲಿ ಒಬ್ಬರೂ ಕೇಳಿದ್ದಿಲ್ಲ.

ಮಲೆನಾಡಿನವರು ದೂರವನ್ನು ಬೇಕು ಅಂತ ಆರಿಸಿಕೊಂಡವರಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವರಿಗೆ ಸಿಗಂದೂರು ಸೇತುವೆ ಸಿಕ್ಕಿದ್ದು 2025ರ ಜುಲೈಯಲ್ಲಿ. ಅಷ್ಟೂ ಕಾಲ ಶಾಲೆಗೆ, ಆಸ್ಪತ್ರೆಗೆ, ಕಚೇರಿಗೆ ಲಾಂಚಿಗಾಗಿ ಕಾದರು. ಇಂಥ ಕಡೆಯವರಿಗೆ 'ಓದಬೇಕಾದರೆ ಊರು ಬಿಟ್ಟು ಬಾ' ಅನ್ನುವುದು ಸುಲಭದ ಮಾತು. ಹೆಣ್ಣುಮಕ್ಕಳಿಗೆ ಹೇಳುವಾಗಲಂತೂ ಅದಕ್ಕೆ ಓದಬೇಡ ಅಂತಲೇ ಅರ್ಥ.

ಈಗ ನಿಮಗೊಂದು ಗದರಿಕೆ. ಹದಿನಾರೇ ಮಕ್ಕಳು ಅಂತ ಸಂಕೋಚದಿಂದ ಬರೆದಿದ್ದೀರಿ. ನನಗೆ ಬೇಸರವಾಗಿದ್ದು ಅಲ್ಲಿ. ಒಂದು, ಎರಡು, ಮೂರನೇ ಕ್ಲಾಸು ಒಂದೇ ಕೋಣೆಯಲ್ಲಿ ಕೂರುತ್ತವೆ. ಮನೆಯಲ್ಲಿ ಕೊಂಕಣಿಯೋ ಉರ್ದುವೋ ಲಂಬಾಣಿಯೋ ಆಡುವ ಮಗುವೂ ಅಲ್ಲೇ ಇರುತ್ತದೆ. ಅಡಿಕೆ ಕೊನೆ ಕೊಯ್ಲಿಗೆ ಅಂತ ಬಂದವರ ಮಕ್ಕಳು ನಾಲ್ಕು ತಿಂಗಳು ಇದ್ದು ಹೊರಟುಬಿಡುತ್ತಾರೆ. ಕಾಲುಸಂಕ ದಾಟಿ ಬರುವ ಮಗು ಹಳ್ಳ ತುಂಬಿದ ದಿನ ಬರುವುದಿಲ್ಲ. ಮಳೆ ರಜೆಯಲ್ಲಿ ಹೋದ ದಿನಗಳ ಓದನ್ನು ಯಾವ ಮಗು ಹೇಗೆ ತುಂಬಿಕೊಳ್ಳುತ್ತದೆ? ಮನೆಮಾತು ಬೇರೆ ಇರುವ ಮಗು ಮೊದಲ ಕನ್ನಡ ವಾಕ್ಯ ಓದಲು ಎಷ್ಟು ಕಾಲ ಹಿಡಿಯುತ್ತದೆ? ದೊಡ್ಡ ಊರಿನಲ್ಲಿ ಕೂತು ಪಿಎಚ್.ಡಿ. ಮಾಡುವವರಿಗೆ ಈ ಪ್ರಶ್ನೆಗಳು ಹೊಳೆಯುವುದೂ ಕಷ್ಟ. ನಿಮ್ಮ ಕಣ್ಣೆದುರಿಗೆ ದಿನಾ ಬಂದು ಕೂರುತ್ತವೆ.

ಮಕ್ಕಳು ಕಾರ್ಡು, ಹಾಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿ ಎಲ್ಲಿ ಹುಟ್ಟಿತು, ನೆನಪು ಮಾಡಿಕೊಳ್ಳಿ. 1995ರಲ್ಲಿ, ಎಚ್.ಡಿ. ಕೋಟೆಯ ಕಾಡಂಚಿನ ಸರ್ಕಾರಿ ಶಾಲೆಗಳಲ್ಲಿ. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಸಣ್ಣ ಶಾಲೆಗಳನ್ನು ನೋಡಿ ಬಂದರು. ತಾವೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, ಯಾವುದಾದ ಮೇಲೆ ಯಾವುದನ್ನು ಕಲಿಯಬೇಕು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ ಮಾಡಿದರು. ಯುನಿಸೆಫ್ ಜೊತೆಗಿತ್ತು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ನೀವು ಇವತ್ತು ಗೋಡೆಗೆ ಹಚ್ಚಿರುವ ಏಣಿ ಅಲ್ಲಿಂದಲೇ ಬಂದದ್ದು. ಮಕ್ಕಳ ಸಂಖ್ಯೆ ಕಡಿಮೆ, ಕ್ಲಾಸು ಬೇರೆ ಬೇರೆ, ಮೇಷ್ಟ್ರು ಒಬ್ಬರೇ ಅನ್ನುವ ಕಷ್ಟದಿಂದ ಹೊರಟ ದಾರಿ ಅದು. ಸಣ್ಣ ಶಾಲೆಯಲ್ಲಿ ಏನು ಮಾಡುವುದು ಅಂತ ಕೇಳುವಾಗ ಇದನ್ನು ಮರೆಯಬೇಡಿ.

ಮನೆಯಲ್ಲೇ ಓದುವುದರಿಂದ ಆಗುವ ದೊಡ್ಡ ಲಾಭ ಇಲ್ಲೇ ಇದೆ. ಒಬ್ಬನೇ ಮಾಡಲಾರದ ಕೆಲಸವನ್ನು ಮಗು ಸ್ವಲ್ಪ ಹೆಚ್ಚು ಬಲ್ಲವರ ಜೊತೆ ಸೇರಿ ಮಾಡುತ್ತದೆ, ಹಾಗೆ ಮಾಡುತ್ತಲೇ ಕಲಿಯುತ್ತದೆ ಅಂತ ರಷ್ಯಾದ ವೈಗಾಟ್‌ಸ್ಕಿ 1930ರ ದಶಕದಲ್ಲಿ ಬರೆದ. ಎಂ.ಎ.ಯಲ್ಲಿ ಈ ಪಾಠ ಬಂದೇ ಬರುತ್ತದೆ. ಕ್ಯಾಂಪಸ್ಸಿನ ವಿದ್ಯಾರ್ಥಿ ಅದನ್ನು ಪರೀಕ್ಷೆಗೆ ಬರೆದುಕೊಂಡು ಹೋಗುತ್ತಾನೆ. ನೀವು ರಾತ್ರಿ ಓದಿ ಮಲಗುತ್ತೀರಿ. ಬೆಳಿಗ್ಗೆ ನಿಮ್ಮ ಮೂರನೇ ಕ್ಲಾಸಿನ ಹುಡುಗಿ ಒಂದನೇ ಕ್ಲಾಸಿನ ಪುಟ್ಟನ ಪಕ್ಕ ಕೂತು ಕಾರ್ಡು ತೋರಿಸುತ್ತಿರುತ್ತಾಳೆ. ಅವಳು ಎಲ್ಲಿ ಸಹಾಯ ಮಾಡಿದಳು, ಎಲ್ಲಿ ಸುಮ್ನೆ ತಾನೇ ಉತ್ತರ ಹೇಳಿಬಿಟ್ಟಳು ಅಂತ ನೋಡಿ ಬರೆದಿಡಬಹುದು. ವೈಗಾಟ್‌ಸ್ಕಿ ಹೇಳಿದ್ದು ಸರಿಯೋ ಅಲ್ಲವೋ ನೀವೇ ಪರೀಕ್ಷೆ ಮಾಡಬಹುದು. ಇಂಥ ಅವಕಾಶ ಯಾವ ಹಾಸ್ಟೆಲ್ಲಿನಲ್ಲೂ ಇಲ್ಲ.

ಕಾಗದಪತ್ರದ ವಿಷಯವನ್ನೂ ಹೇಳಿಬಿಡುತ್ತೇನೆ. ಎಂ.ಎಡ್. ಬೇರೆ, ಶಿಕ್ಷಣಶಾಸ್ತ್ರದ ಎಂ.ಎ. ಬೇರೆ. ಎಂ.ಎಡ್. ಶಿಕ್ಷಕರ ಶಿಕ್ಷಣವನ್ನು ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇ ಕೈಯಲ್ಲಿದೆ, ಅದರಲ್ಲಿ ಶಾಲೆ-ಕಾಲೇಜುಗಳಲ್ಲಿ ಮಾಡುವ ಇಂಟರ್ನ್‌ಶಿಪ್ ಇದೆ. ಎಂ.ಎ. ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗದ, ಅಂದರೆ ಯುಜಿಸಿಯ ಕೆಳಗೆ ಬರುತ್ತದೆ. ಮಾನ್ಯತೆ ಇರುವ ಸಂಸ್ಥೆಯಿಂದ ಪಡೆದ ದೂರಶಿಕ್ಷಣದ, ಆನ್‌ಲೈನಿನ ಪದವಿಗಳು ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ. ನಿಮ್ಮ ಅಣ್ಣನಿಗೆ ಇದನ್ನು ತೋರಿಸಿ. ಆದರೆ ಮಾನ್ಯತೆ ಇದೆಯೋ ಇಲ್ಲವೋ ಅಂತ ನೋಡುವ ಕೆಲಸ ನಿಮ್ಮದೇ. ಆ ವರ್ಷಕ್ಕೆ, ಆ ಕೋರ್ಸಿಗೆ ಅನುಮತಿ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲೇ ನೋಡಿ. ನಮ್ಮದೇ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ರಿಂದ ಮಾನ್ಯತೆ ತಪ್ಪಿ, 2018ರಲ್ಲಿ ಮರಳಿ ಬರುವವರೆಗೆ ಸಾವಿರಾರು ಜನ ಪಟ್ಟ ಪಾಡು ನಿಮಗೂ ಗೊತ್ತಿರಬೇಕು. ಈಗ ಸೇರುವ ಮೊದಲು ಆ ಬ್ಯೂರೋದ ಜಾಲತಾಣದಲ್ಲಿ ಡೆಬ್-ಐಡಿ ಅನ್ನುವ ಗುರುತಿನ ಸಂಖ್ಯೆ ಮಾಡಿಸಬೇಕು, ಅದು ನಿಮ್ಮ ಒಳ್ಳೆಯದಕ್ಕೇ ಇದೆ. 'ಫೀಸು ಕಟ್ಟಿ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ' ಅನ್ನುವ ಏಜೆಂಟರು ಸಿಗುತ್ತಾರೆ. ಅವರ ಹತ್ತಿರ ಕೂರಲೂ ಹೋಗಬೇಡಿ. ನಿಮ್ಮ ಅಣ್ಣನ ಸಿಟ್ಟಿಗೆ ನಿಜವಾದ ಕಾರಣ ಇಂಥವರೇ ಇರಬೇಕು.

ನೆಟ್‌ವರ್ಕಿನ ಬಗ್ಗೆ ನೀವು ಬರೆದಿಲ್ಲ, ಆದರೂ ನನಗೆ ಗೊತ್ತು. ಜುಲೈ, ಆಗಸ್ಟಿನಲ್ಲಿ ಕರೆಂಟು ಹೋದರೆ ಹಿಂದೆಯೇ ಟವರೂ ಹೋಗುತ್ತದೆ. ಪೇಟೆಗೆ ಬಂದಾಗ ಪಾಠಗಳನ್ನು ಇಳಿಸಿಕೊಂಡು ಇಟ್ಟುಕೊಳ್ಳಿ. ಹೊತ್ತಿಗೆ ಸರಿಯಾಗಿ ಪರದೆಯ ಮುಂದೆ ಕೂರಲೇಬೇಕಾದ ಕೋರ್ಸಿಗಿಂತ ಮುದ್ರಿತ ಪುಸ್ತಕ ಕಳಿಸುವ ದೂರಶಿಕ್ಷಣ ನಿಮ್ಮ ಊರಿಗೆ ಹೆಚ್ಚು ಹೊಂದಬಹುದು. ಸೇರುವ ಮುಂಚೆ ಪರೀಕ್ಷೆ ಎಲ್ಲಿ, ಹೇಗೆ ಅಂತಲೂ ಕೇಳಿ.

ಇಷ್ಟು ಹೇಳಿದ ಮೇಲೆ ನನ್ನ ಹೊಟ್ಟೆಯ ಸಂಕಟವನ್ನೂ ಹೇಳಬೇಕು. ಭಾರತದ ಭವಿಷ್ಯ ತರಗತಿಗಳಲ್ಲಿ ರೂಪುಗೊಳ್ಳುತ್ತಿದೆ ಅಂತ ಕೊಠಾರಿ ಆಯೋಗ 1966ರಲ್ಲೇ ತನ್ನ ವರದಿಯ ಮೊದಲ ಸಾಲಿನಲ್ಲಿ ಬರೆಯಿತು. ಆ ತರಗತಿಯಲ್ಲಿ ನಿಲ್ಲುವವರನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ? ಬೆಳಿಗ್ಗೆ ಹಾಲು, ಮಧ್ಯಾಹ್ನ ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಸಂಜೆ ಮಕ್ಕಳ ವಿವರ ಇಡುವ ಸರ್ಕಾರಿ ತಂತ್ರಾಂಶ ಎಸ್‌ಎಟಿಎಸ್‌ಗೆ ಮಾಹಿತಿ ತುಂಬುವುದು. ಮತದಾರರ ಪಟ್ಟಿ ಬಂತೋ ಮೇಷ್ಟ್ರು ಬೇಕು, ಸಮೀಕ್ಷೆ ಬಂತೋ ಟೀಚರು ಬೇಕು. ಇಷ್ಟರ ನಡುವೆಯೂ ಒಬ್ಬರು ಓದುತ್ತೇನೆ ಅಂತ ಹೊರಟರೆ 'ಪ್ರಮೋಷನ್ನಿಗಾ?' ಅನ್ನುವ ಪ್ರಶ್ನೆ ಎದುರಾಗುತ್ತದೆ. ಓದಿ ಮುಗಿಸಿದ ಮೇಲೆ ಅವರು ಏನು ಕಂಡುಕೊಂಡರು ಅಂತ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಯಾರಾದರೂ ಕೇಳುತ್ತಾರಾ? ಸುತ್ತೋಲೆ ಓದಿ ಹೇಳುವುದರಲ್ಲೇ ಸಭೆ ಮುಗಿಯುತ್ತದೆ.

ಪುಸ್ತಕದ ಕಥೆಯೂ ಹಾಗೇ. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ (ಇಗ್ನೋ) ಎಂ.ಎ. ಶಿಕ್ಷಣಶಾಸ್ತ್ರದ ಪಾಠಗಳು ಇಂಗ್ಲಿಷಿನಲ್ಲಿವೆ, ಹಿಂದಿಯಲ್ಲಿವೆ. ಕನ್ನಡದಲ್ಲಿ ಪಾಠ ಮಾಡುವ ಶಿಕ್ಷಕಿ ಪಾಠದ ಬಗ್ಗೆ ಕನ್ನಡದಲ್ಲೇ ಯೋಚಿಸಿ ಬರೆಯುವಂತಾಗಬೇಕು. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೂತು ನೀನಾಸಮ್‌ನವರು ಲೋಕದ ನಾಟಕವನ್ನೆಲ್ಲ ಕನ್ನಡದಲ್ಲಿ ಆಡಿದರು, ಸಿನಿಮಾದ ಬಗ್ಗೆ ಕನ್ನಡದಲ್ಲಿ ಚರ್ಚೆ ಮಾಡಿಸಿದರು. ಇದೇ ಜಿಲ್ಲೆಯಲ್ಲಿ ಆದ ಕೆಲಸ. ಶಿಕ್ಷಣಶಾಸ್ತ್ರಕ್ಕೆ ಅದು ಯಾಕೆ ಆಗಬಾರದು?

ಹೊಸ ಕಟ್ಟಡ ಯಾರಿಗೂ ಬೇಡ. ಶಿಕ್ಷಕರ ತರಬೇತಿಗೆ ಅಂತ ಇರುವ ಜಿಲ್ಲೆಯ ಡಯಟ್‌ಗಳಲ್ಲಿ, ತಾಲ್ಲೂಕಿನ ಬಿಆರ್‌ಸಿಗಳಲ್ಲಿ ಬೀರು ತುಂಬ ಪುಸ್ತಕಗಳಿವೆ. ಭಾನುವಾರ ಬೀಗ ತೆಗೆಯಲಿ. ಒಂದು ಮೇಜು, ನೆಟ್ಟಗಿರುವ ಇಂಟರ್ನೆಟ್, ಕರೆಂಟು ಹೋದರೂ ಉರಿಯುವ ಒಂದು ದೀಪ ಇರಲಿ. ನಿಮ್ಮ ಹಾಗೆ ಮನೆಯಿಂದಲೇ ಓದುವ ಶಿಕ್ಷಕರು ತಾಲ್ಲೂಕಿಗೆ ಐದಾರು ಜನ ಇದ್ದೇ ಇರುತ್ತೀರಿ. ತಿಂಗಳಿಗೊಮ್ಮೆ ಅಲ್ಲಿ ಸೇರಿ ಓದಿದ್ದನ್ನು ಮಾತಾಡಿಕೊಂಡರೆ, ನಾನು ಮೊದಲು ಹೇಳಿದ ಆ ಹಾಸ್ಟೆಲ್ಲಿನ ಚರ್ಚೆ ಹೊಸನಗರದಲ್ಲೇ ನಡೆಯುತ್ತದೆ. ನೀವು ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಅವರಿಗೆ ಒಂದು ಅರ್ಜಿ ಬರೆಯಿರಿ. ಪ್ರತಿಯನ್ನು ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲೇ ಅಚ್ಚು ಹಾಕುತ್ತೇವೆ.

— ಸಂಪಾದಕ