ಮುಂಬೈ ಕಡೆ ಹಳೆ ಡೇಟಾ ಬರದಿರುವುದಕ್ಕೆ
ನಮಸ್ಕಾರ. ಬೆಂಗಳೂರಿನ ಕಸಾಂಡ್ರಾ (ಹಲವು ಸರ್ವರ್‌ಗಳಲ್ಲಿ ಡೇಟಾ ಹಂಚಿಡುವ ಡೇಟಾಬೇಸ್) ಕ್ಲಸ್ಟರ್‌ಗೆ ಮುಂಬೈ ಡೇಟಾಸೆಂಟರ್ ಸೇರಿಸಿ, ಎರಡೂ ಕಡೆ 3 ಕಾಪಿ ಅಂತ ಹಾಕಿದ್ದೀರಿ. ಆದರೂ ಮುಂಬೈಯಲ್ಲಿ ಹಳೆ ಡೇಟಾ ಸಿಗುತ್ತಿಲ್ಲ, ಅಲ್ವಾ? ಗಾಬರಿ ಬೇಡ, ಡೇಟಾ ಎಲ್ಲೂ ಹೋಗಿಲ್ಲ. ಆಲ್ಟರ್ ಕೀಸ್ಪೇಸ್ (ಎಲ್ಲಿ ಎಷ್ಟು ಕಾಪಿ ಅಂತ ಬದಲಿಸುವ ಕಮಾಂಡ್) ಕೊಟ್ಟ ಮೇಲೆ ಬರುವ ರೈಟ್‌ಗಳು ಮಾತ್ರ ಎರಡೂ ಕಡೆ ಹೋಗುತ್ತವೆ. ಹಳೆಯದನ್ನು ನೀವೇ ತರಿಸಬೇಕು. ಮುಂಬೈಯ ಒಂದೊಂದು ನೋಡ್‌ನಲ್ಲೂ (ಸರ್ವರ್‌ನಲ್ಲೂ) ನೋಡ್‌ಟೂಲ್ ರೀಬಿಲ್ಡ್ ಕಮಾಂಡ್ ಓಡಿಸಿ, ಬೆಂಗಳೂರು ಡೇಟಾಸೆಂಟರ್ ಹೆಸರು ಕೊಟ್ಟು. ಆ ಹೆಸರು ನೋಡ್‌ಟೂಲ್ ಸ್ಟೇಟಸ್‌ನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಒಂದು ಕ್ಯಾಪಿಟಲ್ ಅಕ್ಷರ ಕೂಡ ಬದಲಾಗಬಾರದು.

ಅದು ಮುಗಿಯುವ ತನಕ ಆ್ಯಪ್ ಬೆಂಗಳೂರಿನಿಂದಲೇ ಓದಲಿ. ಕನ್ಸಿಸ್ಟೆನ್ಸಿ (ಎಷ್ಟು ಕಾಪಿ ಉತ್ತರಿಸಬೇಕು ಅನ್ನುವ ಸೆಟ್ಟಿಂಗ್) ಲೋಕಲ್ ಕೋರಮ್ ಇಡಿ, ಅಂದರೆ ಅದೇ ಡೇಟಾಸೆಂಟರ್‌ನ ಅರ್ಧಕ್ಕಿಂತ ಹೆಚ್ಚು ಕಾಪಿ ಉತ್ತರಿಸಿದರೆ ಸಾಕು. ಬರೀ ಕೋರಮ್ ಅಂತ ಬಿಟ್ಟರೆ 6 ಕಾಪಿಯಲ್ಲಿ 4 ಉತ್ತರಿಸಬೇಕು. ಆಗ ಬೆಂಗಳೂರಿನ ಪ್ರತಿ ರೈಟ್ ಕೂಡ ಮುಂಬೈಗೆ ಕಾಯುತ್ತದೆ.

ಲಾಗಿನ್ ವಿವರ ಇರುವ ಸಿಸ್ಟಮ್ ಆಥ್ ಕೀಸ್ಪೇಸ್ ಮಾತ್ರ ದಯವಿಟ್ಟು ಮರೀಬೇಡಿ. ನಾವು ಅದನ್ನು ಹಾಗೇ 1 ಕಾಪಿಯಲ್ಲಿ ಬಿಟ್ಟಿದ್ದೆವು. ರಾತ್ರಿ 2 ಗಂಟೆಗೆ ಎರಡು ಊರಿನ ನಡುವಿನ ಲಿಂಕ್ ಬಿತ್ತು. ಹೊಸ ಕಡೆ ಎಲ್ಲ ನೋಡ್ ಚೆನ್ನಾಗಿದ್ದರೂ ಒಬ್ಬರಿಗೂ ಲಾಗಿನ್ ಆಗಲಿಲ್ಲ. ಅದಕ್ಕೂ ಎರಡೂ ಕಡೆ 3 ಹಾಕಿ, ಆಮೇಲೆ ರೀಬಿಲ್ಡ್ ಶುರು ಮಾಡಿ. ಎಷ್ಟು ಬಂತು ಅಂತ ನೋಡ್‌ಟೂಲ್ ನೆಟ್‌ಸ್ಟಾಟ್ಸ್‌ನಲ್ಲಿ ಕಾಣುತ್ತದೆ. ಎಲ್ಲಾದರೂ ನಿಂತರೆ ಅದರ ಔಟ್‌ಪುಟ್ ಹಾಕಿ, ನೋಡೋಣ.