ಅಪ್ಪ ಹೋದಾಗ ಅವರು ಅಳಲಿಲ್ಲ

'ನಮ್ಮದು ದಾವಣಗೆರೆ. ಯಜಮಾನರಿಗೆ ಆಟಿಸಂ ಇದೆ ಅಂತ ಹೋದ ವರ್ಷ ಬೆಂಗಳೂರಿನ ಡಾಕ್ಟರ್ ಹೇಳಿದರು. ಎರಡು ತಿಂಗಳ ಹಿಂದೆ ಚಿತ್ರದುರ್ಗದಲ್ಲಿ ನಮ್ಮಪ್ಪ ತೀರಿಕೊಂಡರು. ಇವರು ಅಳಲಿಲ್ಲ, ನನ್ನ ಪಕ್ಕ ಕೂರಲೂ ಇಲ್ಲ. ಹೆಂಗಸರು ಅಳೋಕೆ ಶುರು ಮಾಡಿದಾಗ ಎದ್ದು ಹೋಗಿ, ಬಾಗಿಲಲ್ಲಿ ಚಪ್ಪಲಿ ಜೋಡಿಸುತ್ತಾ ನಿಂತರು. ರಾತ್ರಿ ನಾನು ಅತ್ತರೆ ಅವರಜ್ಜಿ ಸತ್ತ ಕಥೆ ಹೇಳಿದರು. ದೊಡ್ಡಮ್ಮ ಎಲ್ಲರೆದುರು 'ಕಲ್ಲು ಮನಸ್ಸಿನವನು' ಅಂದರು. ಇವರಿಗೆ ನನ್ನ ಮೇಲೆ ಪ್ರೀತಿ ಇದೆಯಾ?'
– ಹೆಸರು ಬೇಡ

ತಂಗಿ, ಅಪ್ಪನನ್ನು ಕಳೆದುಕೊಂಡ ಸಂಕಟಕ್ಕೆ ಎರಡು ತಿಂಗಳು ಏನೇನೂ ಅಲ್ಲ. ಆ ಹೊತ್ತಲ್ಲಿ ಹೆಗಲ ಮೇಲೊಂದು ಕೈ ಬೇಕಿತ್ತು, ಸಿಗಲಿಲ್ಲ. ಗಂಡನಿಗೆ ಆಟಿಸಂ ಇದೆ ಅಂತ ಆ ನೋವನ್ನು ನುಂಗಿಕೊಳ್ಳಬೇಕಿಲ್ಲ.

ಆದರೆ ಆ ಅಜ್ಜಿಯ ಕಥೆ ಇದೆಯಲ್ಲ, ಅದನ್ನೇ ನಾನು ಮತ್ತೆ ಮತ್ತೆ ಓದಿದೆ. 'ನನ್ನ ದುಃಖದಲ್ಲಿ ಇವರದ್ದೊಂದು' ಅಂತ ನಿಮಗೆ ಅನ್ನಿಸಿರಬೇಕು. ಆಟಿಸಂ ಇರುವ ಎಷ್ಟೋ ಜನ ಸಮಾಧಾನ ಹೇಳೋದೇ ಹೀಗೆ. 'ನನಗೂ ಹೀಗಾಗಿತ್ತು, ಅದಕ್ಕೇ ನಿನ್ನ ಸಂಕಟ ಗೊತ್ತು' ಅನ್ನುವ ಮಾತಲ್ಲಿ ಮೊದಲರ್ಧ ಮಾತ್ರ ಬಾಯಿಗೆ ಬರುತ್ತದೆ. ಉಳಿದದ್ದು ನಿಮಗೆ ತಾನಾಗಿ ತಿಳಿಯುತ್ತದೆ ಅಂದುಕೊಳ್ಳುತ್ತಾರೆ.

ಮುಖ ನೋಡಿ ಮನಸ್ಸು ಊಹಿಸೋದು ಬೇರೆ, ಇನ್ನೊಬ್ಬರ ನೋವು ತನಗೂ ತಟ್ಟೋದು ಬೇರೆ. ಆಟಿಸಂ ಇರುವವರಿಗೆ ಹೆಚ್ಚಾಗಿ ಕಷ್ಟವಾಗೋದು ಮೊದಲನೆಯದು. ಎರಡನೆಯದು ಕೆಲವರಿಗೆ ತಡೆಯಲಾರದಷ್ಟು ಜಾಸ್ತಿ ಇರುತ್ತದೆ. ಊದುಬತ್ತಿ ಹೊಗೆ, ಎದೆ ಬಡಿದುಕೊಳ್ಳುವ ಸದ್ದು, ಮೈಗೆ ಮೈ ತಾಗುವ ಜನ, ನಡುವೆ ಅಳುತ್ತಿರುವ ಹೆಂಡತಿ. ಅಲ್ಲಿ ಕೂರಲು ಆಗದೇ ಎದ್ದಿರಬಹುದು. ಎದ್ದವರು ಮನೆಗೆ ಹೋಗಲಿಲ್ಲ, ಬಾಗಿಲಲ್ಲೇ ನಿಂತರು ಅಲ್ವಾ? ಇನ್ನು ಕೆಲವರಿಗೆ ಒಳಗೆ ಆಗುತ್ತಿರೋದು ದುಃಖವೋ ದಿಗಿಲೋ ಅಂತಲೇ ಗೊತ್ತಾಗಲ್ಲ. ಇದಕ್ಕೆ ಅಲೆಕ್ಸಿಥೈಮಿಯಾ ಅನ್ನುತ್ತಾರೆ. ಆಟಿಸಂ ಇಲ್ಲದವರಲ್ಲೂ ಇದು ಇರುತ್ತದೆ.

ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಅನ್ನುವ ಸಮಾಜಶಾಸ್ತ್ರಜ್ಞರಿಗೆ ಸ್ವತಃ ಆಟಿಸಂ ಇದೆ. 2012ರಲ್ಲಿ ಅವರು 'ಡಬಲ್ ಎಂಪಥಿ' ತೊಡಕಿನ ಬಗ್ಗೆ ಬರೆದರು. ಅರ್ಥವಾಗದೇ ಇರೋದು ಎರಡೂ ಕಡೆಯಿಂದ ಅನ್ನೋದು ಅವರ ಮಾತು. ಆಟಿಸಂ ಇರುವವರಿಗೆ ನಮ್ಮನ್ನು ಓದೋಕೆ ಬರಲ್ಲ ಅಂತೇವೆ, ನಮಗೆ ಅವರನ್ನು ಓದೋಕೆ ಬರುತ್ತದಾ? ನಿಮ್ಮ ದೊಡ್ಡಮ್ಮನಿಗಂತೂ ಬರಲಿಲ್ಲ.

ನಿಮ್ಮ ಯಜಮಾನರ ಮನಸ್ಸಲ್ಲಿ ಏನಿದೆ ಅಂತ ಹೇಳಬೇಕಾದವರು ಅವರೇ. ಬೆಳಿಗ್ಗೆ ಕುಂದವಾಡ ಕೆರೆ ಕಡೆ ಇಬ್ಬರೇ ನಡೆಯೋಕೆ ಹೋಗಿ. ಪಕ್ಕಪಕ್ಕ ನಡೆಯುವಾಗ ಮುಖ ನೋಡುವ ಕಷ್ಟ ಇರಲ್ಲ. 'ಪ್ರೀತಿ ಇದೆಯಾ' ಅನ್ನಬೇಡಿ. 'ಅವತ್ತು ಹೊರಗೆ ಹೋದಾಗ ಹೇಗನ್ನಿಸುತ್ತಿತ್ತು?' ಅಂತ ಕೇಳಿ, ಕಾಯಿರಿ. ಉತ್ತರ ಸಂಜೆ ವಾಟ್ಸ್ಆ್ಯಪ್‌ನಲ್ಲಿ ಬಂದರೂ ಉತ್ತರವೇ.

ನಿಮಗೆ ಬೇಕಾದ್ದನ್ನೂ ಬಿಡಿಸಿ ಹೇಳಿ. 'ನಾನು ಅತ್ತಾಗ ಏನೂ ಮಾತಾಡಬೇಡಿ, ಹತ್ತು ನಿಮಿಷ ಕೈ ಹಿಡಿದು ಕೂತ್ಕೊಳ್ಳಿ' ಅಂತ. ಹೇಳಿಸಿಕೊಂಡು ಮಾಡಿದ್ದಕ್ಕೆ ಏನು ಬೆಲೆ ಅನ್ನಿಸಬಹುದು. ಹೇಳಿದ್ದನ್ನು ನೆನಪಿಟ್ಟು ಮುಂದಿನ ಸಲ ತಾವಾಗೇ ಬಂದು ಕೂತರೆ ಅದಕ್ಕೆ ಬಹಳ ಬೆಲೆ ಇದೆ. ಇಷ್ಟು ಹೇಳಿದ ಮೇಲೂ ಬರದಿದ್ದರೆ ಆ ಮಾತು ಬೇರೆ, ಆಗ ನನಗೆ ಮತ್ತೆ ಬರೆಯಿರಿ.

ಅಪ್ಪನ ವರ್ಷದ ಕಾರ್ಯಕ್ಕೆ ಹೊರಡುವ ಮುಂಚೆ, ಎಷ್ಟು ಹೊತ್ತು ಒಳಗಿರಬೇಕು, ಯಾವಾಗ ಹೊರಗೆ ಹೋಗಬಹುದು ಅಂತ ಇಬ್ಬರೂ ಮಾತಾಡಿಕೊಳ್ಳಿ. ದೊಡ್ಡಮ್ಮನಿಗೆ ಉತ್ತರ ಕೊಡಬೇಕಾಗಿ ಬಂದರೆ ಯಜಮಾನರ ಪರವಾಗಿ ನೀವೇ ಕೊಡಿ.